ಮಾತಿಗೆ ಬೇಸತ್ತು ಶೂ ಬಿಚ್ಚಿಡಬೇಡಿ

ಬೆಳಿಗ್ಗೆ ಐದೂವರೆ. ಹಾಲಿನವನು ಇನ್ನೂ ಬಂದಿಲ್ಲ. ಮನೆಯವರೆಲ್ಲ ಮಲಗಿದ್ದಾರೆ. ನೀವು ಸದ್ದಾಗದಂತೆ ಬಾಗಿಲ ಚಿಲಕ ತೆಗೆದು, ಮಗನ ಹಳೇ ಶೂಗೆ ಕಾಲು ತೂರಿಸಿ ಲೇಸ್ ಕಟ್ಟುತ್ತಿದ್ದೀರಿ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ: 'ಇಷ್ಟು ಹೊತ್ತಿಗೇ ಎಲ್ಲಿಗಮ್ಮಾ ಸವಾರಿ? ನಮ್ಮ ಕಾಲದಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋದೇ ವ್ಯಾಯಾಮ ಆಗಿತ್ತು.'

ಅಷ್ಟೇ. ಬೈಗುಳವಲ್ಲ, ಜಗಳವೂ ಅಲ್ಲ. ಆದರೆ ಅರ್ಧ ಕಟ್ಟಿದ ಲೇಸ್ ಅಲ್ಲೇ ಬಿಚ್ಚಿಕೊಳ್ಳುತ್ತೆ. 'ನಾಳೆಯಿಂದ ನೋಡೋಣ' ಎಂದುಕೊಂಡು ಅಡುಗೆಮನೆಗೆ ಹೋಗುತ್ತೀರಿ. ಆ ನಾಳೆ ಬರುವುದೇ ಇಲ್ಲ. ಹೌದು ತಾನೆ?

ನಮ್ಮ ಪರಿಚಯದ ಗೃಹಿಣಿಯೊಬ್ಬರ ವಿಷಯ ಹೇಳುತ್ತೇನೆ. ಹೆಸರು ಬೇಡ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಆಕೆಗೆ ಶುಗರ್ ಬಂದಿತ್ತು. ಹೆರಿಗೆಯಾದ ಮೇಲೆ ಹೋಯ್ತು. 'ಹೋಯ್ತು ಅಂತ ಮರೀಬೇಡಿ. ದಿನಾ ನಡೀರಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ' ಎಂದು ಡಾಕ್ಟರು ಆಗಲೇ ಹೇಳಿದ್ದರು. ಮಕ್ಕಳು ಸ್ಕೂಲಿಗೆ ಹೋಗುವಷ್ಟಾದ ಮೇಲೆ ಈಕೆ ಬೆಳಿಗ್ಗೆ ಪಾರ್ಕಿಗೆ ಹೋಗಲು ಶುರು ಮಾಡಿದರು. ಎಂಟು ದಿನ ನಡೆಯಿತು. ಒಂಬತ್ತನೇ ದಿನ ಯಜಮಾನರು ಕಾಫಿ ಕುಡಿಯುತ್ತಾ ನಗುನಗುತ್ತಲೇ ಹೇಳಿದರಂತೆ: 'ಈ ವಯಸ್ಸಲ್ಲಿ ಇದೆಲ್ಲಾ ಯಾರಿಗೆ ತೋರಿಸೋಕೆ ಕಣೇ?'

ಹತ್ತನೇ ದಿನ ಆಕೆ ಹೋಗಲಿಲ್ಲ. ಮೂರು ವರ್ಷ ಹೋಗಲಿಲ್ಲ. ಕಾಲಿನ ಗಾಯವೊಂದು ಬೇಗ ಒಣಗಲಿಲ್ಲ ಎಂದು ಡಾಕ್ಟರ ಬಳಿ ಹೋದಾಗ ಮೂರು ತಿಂಗಳ ಸರಾಸರಿ ಶುಗರ್ ನೋಡಿದರೆ 8.2! ಅದು 6.5 ದಾಟಿದರೇ ಸಕ್ಕರೆ ಕಾಯಿಲೆ ಎಂದು ಲೆಕ್ಕ.

ಆ ಒಂದು ಮಾತಿನಿಂದಲೇ ಶುಗರ್ ಬಂತು ಎಂದು ನಾನು ಹೇಳುವುದಿಲ್ಲ. ನಡೆದಿದ್ದರೂ ಬರುತ್ತಿತ್ತೋ ಏನೋ. ಆದರೆ ಬಸುರಿಯಲ್ಲಿ ಶುಗರ್ ಬಂದಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಇನ್ನೊಂದು ಕಡೆ, ಗಡಿಯಲ್ಲಿರುವ ಶುಗರನ್ನು ನಡಿಗೆ ಮತ್ತು ಊಟದ ಹಿಡಿತದಿಂದ ತಡೆಯಬಹುದೇ ಎಂದು ಚೆನ್ನೈನಲ್ಲಿ ಒಂದು ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ನಡೆದು, ಊಟ ತಿದ್ದಿಕೊಂಡವರಲ್ಲಿ ಕಾಯಿಲೆಗೆ ತಿರುಗುವ ಅಪಾಯ ಶೇ 28ರಷ್ಟು ಕಡಿಮೆಯಾಗಿತ್ತು. ಅಂದರೆ ಆಕೆಗೆ ಒಂದು ಅವಕಾಶವಿತ್ತು. ಅದನ್ನು ಒಂದು ತಮಾಷೆಯ ಮಾತಿಗೆ ಬಿಟ್ಟುಕೊಟ್ಟರು. ನನಗೆ ಸಂಕಟವಾಗುವುದು ಅದಕ್ಕೆ.

ಮಾತಿನ ಹಿಂದೆ ಏನಿದೆ?

ಸ್ವಲ್ಪ ಯೋಚಿಸಿ ನೋಡಿ. ನೀವು ಅದೇ ಬೆಳಿಗ್ಗೆ ಐದೂವರೆಗೆ ಎದ್ದು ದೇವಸ್ಥಾನಕ್ಕೆ ಹೋದರೆ ಯಾರಾದರೂ ಏನಾದರೂ ಅಂತಾರಾ? ಹಾಲು ತರಲು ಅಷ್ಟೇ ದೂರ ನಡೆದರೆ? ಮಗನ ಟ್ಯೂಷನ್ನಿಗೆ ಬಿಟ್ಟು ಬಂದರೆ? ಇಲ್ಲ. ನಡೆಯುವುದು ತಪ್ಪಲ್ಲ, ಮನೆಯಿಂದ ಹೊರಗೆ ಹೋಗುವುದೂ ತಪ್ಪಲ್ಲ. ನಿಮಗೋಸ್ಕರ ಹೋಗಿದ್ದು ಮಾತ್ರ ಕಣ್ಣು ಕುಕ್ಕುತ್ತೆ. ಅವರ ತಕರಾರು ನಿಮ್ಮ ತೂಕದ ಮೇಲಲ್ಲ, ನಿಮ್ಮ ಆ ಅರ್ಧ ಗಂಟೆಯ ಮೇಲೆ.

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಸಮಸ್ಯೆ ಮುಗಿದಂತೆ. 'ನಾನು ಅಷ್ಟು ದಪ್ಪ ಇದೀನಾ?', 'ನಾನು ಶೋಕಿ ಮಾಡ್ತಿದೀನಾ?' ಎಂದು ಕೊರಗುವ ಅಗತ್ಯವೇ ಇಲ್ಲ. ನಿಮ್ಮನ್ನು ನೀವು ಸಮರ್ಥಿಸಿಕೊಳ್ಳುವುದೂ ಬೇಡ. ಆ ಅರ್ಧ ಗಂಟೆಯನ್ನು ಕಾಪಾಡಿಕೊಂಡರೆ ಸಾಕು. ದಿನಕ್ಕೆ ಇಂಥ ಅರ್ಧ ಗಂಟೆಗಳು 48 ಇವೆ. ಅದರಲ್ಲಿ ಒಂದು ನಿಮ್ಮದು. ದುಬಾರಿ ಏನಲ್ಲ, ಅಲ್ವಾ?

ಮಾತಾಡುವವರೆಲ್ಲ ಕೆಟ್ಟವರೂ ಅಲ್ಲ. ಅತ್ತೆಯ ಮಾತಿನ ಹಿಂದೆ ಭಯವಿರಬಹುದು: ಮಬ್ಬುಗತ್ತಲಲ್ಲಿ ಸರ ಕಿತ್ತುಕೊಂಡು ಹೋಗುವವರ ಭಯ, ಪಕ್ಕದ ಮನೆಯವರು ಏನಂತಾರೋ ಎಂಬ ಭಯ. ಗಂಡನ ಮಾತಿನ ಹಿಂದೆ ತನ್ನ ಹೊಟ್ಟೆಯ ಬಗ್ಗೆ ಇರುವ ಮುಜುಗರವೂ ಇರಬಹುದು! ಮಕ್ಕಳಿಗೆ ಅಮ್ಮ ಎಂದರೆ ಕರೆದ ತಕ್ಷಣ 'ಏನೋ' ಎನ್ನುವವಳು, ಅವಳು ಅರ್ಧ ಗಂಟೆ ಸಿಗದಿದ್ದರೆ ಸಿಡಿಮಿಡಿ. ಕಾರಣ ಗೊತ್ತಾದರೆ ಉತ್ತರ ಹುಡುಕುವುದು ಸುಲಭ.

'ಮನೆಕೆಲಸವೇ ವ್ಯಾಯಾಮ ಅಲ್ವಾ?'

ಎಲ್ಲ ಮನೆಗಳಲ್ಲೂ ಕೇಳಿಬರುವ ಮಾತಿದು. ಇದರಲ್ಲಿ ಒಂದಿಷ್ಟು ನಿಜವಿದೆ. ಹಿಂದಿನವರು ಒರಳಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿ, ಕಲ್ಲಿನ ಮೇಲೆ ಬಟ್ಟೆ ಒಗೆದರು. ಅದು ನಿಜವಾಗಿಯೂ ಮೈ ಬಗ್ಗಿಸುವ ಕೆಲಸವೇ. ಇವತ್ತೂ ನೆಲ ತಿಕ್ಕಿ ಒರೆಸಿದರೆ ಮೈ ಬಿಸಿಯಾಗುತ್ತೆ, ಇಲ್ಲವೆನ್ನಲಾಗದು.

ಆದರೆ ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್ ಬಂದ ಮೇಲೆ ಕೆಲಸ ಮುಗಿಯಲಿಲ್ಲ, ಅದರ ಸ್ವರೂಪ ಬದಲಾಯಿತು. ದೇಶದಲ್ಲಿ 2024ರಲ್ಲಿ ನಡೆದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಆ ಕೆಲಸ ಮಾಡುವವರು ಕೊಡುವುದು 88 ನಿಮಿಷ. ಅಂದರೆ ನಮ್ಮದು ಹೆಚ್ಚುಕಡಿಮೆ ಐದು ಗಂಟೆ. ಆ ಐದು ಗಂಟೆಯಲ್ಲಿ ಒಲೆ ಮುಂದೆ, ಸಿಂಕ್ ಮುಂದೆ ನಿಂತೇ ಇರುವುದು ಎಷ್ಟು ಹೊತ್ತು? ಸೊಂಟ ಹಿಡಿಯುತ್ತೆ, ಕಾಲು ಊದುತ್ತೆ. ಎದೆಬಡಿತ ಮಾತ್ರ ಏರುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ.

ಎಷ್ಟು ಬೇಕು ಹಾಗಾದರೆ? ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಎಂದಿಟ್ಟುಕೊಳ್ಳಿ. ಚುರುಕು ಎಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ.

ತೆಳ್ಳಗಾಗುವುದೇ ಗುರಿಯಲ್ಲ

ನಾವೇ ಮಾಡುವ ಒಂದು ತಪ್ಪಿದೆ. 'ತಂಗಿ ಮದುವೆಯೊಳಗೆ ಐದು ಕೇಜಿ ಇಳಿಸ್ತೀನಿ' ಎಂದು ಮನೆಯವರ ಮುಂದೆ ಡಂಗುರ ಹೊಡೆಯುತ್ತೇವೆ. ಇಳಿಯದಿದ್ದರೆ 'ನಡೆದಿದ್ದೇ ಬಂತು' ಎಂಬ ಕೊಂಕು. ಇಳಿದರೆ 'ಮುಖದಲ್ಲಿ ಕಳೆನೇ ಇಲ್ಲ, ಶುಗರ್ರಾ?' ಎಂಬ ಪ್ರಶ್ನೆ. ಎರಡೂ ಕಡೆ ಸೋಲು!

ತೂಕದ ಮಾತು ಬಿಡಿ. ಬೇರೆ ಲೆಕ್ಕ ಇಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರ್ ಉರುಳಿಸುವಾಗ ಸೊಂಟ ಹಿಡಿಯುತ್ತಾ? ಎರಡನೇ ಮಹಡಿ ಹತ್ತಿದರೆ ಏದುಸಿರು ಬರುತ್ತಾ? ನೆಲದ ಮೇಲೆ ಕೂತವರು ಕೈ ಊರದೆ ಏಳುತ್ತೀರಾ? ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ? ಎರಡು ತಿಂಗಳ ನಡಿಗೆಯ ನಂತರ ಇವೇ ಪ್ರಶ್ನೆಗಳನ್ನು ಮತ್ತೆ ಕೇಳಿಕೊಳ್ಳಿ. ತೂಕದ ಮೆಷಿನ್ ತೋರಿಸದ ಲಾಭ ಇಲ್ಲಿ ಕಾಣುತ್ತೆ.

ಹೊಲಿಗೆ ಪೆಟ್ಟಿಗೆಯಲ್ಲಿರುವ ಟೇಪನ್ನೂ ಒಮ್ಮೆ ಈಚೆಗೆ ತೆಗೆಯಿರಿ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೊಂದೂವರೆ ಇಂಚು ದಾಟಿದರೆ ಎಚ್ಚರಿಕೆಯ ಗಂಟೆ. ತೂಕ ಸರಿಯಿದ್ದರೂ ಹೊಟ್ಟೆಯ ಸುತ್ತ ಸೇರುವ ಕೊಬ್ಬು ಶುಗರ್, ಬಿಪಿ, ಹೃದಯದ ತೊಂದರೆಗೆ ದಾರಿ ಮಾಡುತ್ತೆ. 'ನೀನೇನು ದಪ್ಪ ಇಲ್ವಲ್ಲ, ನಿನಗ್ಯಾಕೆ ವಾಕಿಂಗು?' ಎನ್ನುವವರಿಗೆ ಇದು ಉತ್ತರ.

ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಬೇಗ ಬೇಗ ಸವೆಯುತ್ತದೆ ಎಂಬುದನ್ನೂ ಮರೆಯಬೇಡಿ. ಮೂಳೆಗೂ ಸ್ನಾಯುವಿಗೂ ಬಲ ಬರಬೇಕಾದರೆ ಭಾರ ಬೀಳಬೇಕು. ನಲವತ್ತರಲ್ಲಿ ಮಾಡಿದ್ದು ಅರವತ್ತೈದರಲ್ಲಿ ಬಚ್ಚಲಲ್ಲಿ ಜಾರಿದಾಗ ಉಪಯೋಗಕ್ಕೆ ಬರುತ್ತೆ.

ಯಾವ ಮಾತಿಗೆ ಏನು ಉತ್ತರ?

ಎಲ್ಲ ಮಾತಿಗೂ ಉತ್ತರ ಕೊಡಬೇಕಾಗಿಲ್ಲ. ಜಗಳ ಮಾಡಿಕೊಂಡು ಪಾರ್ಕಿಗೆ ಹೋದರೆ ನಡೆದ ಸುಖವೂ ಸಿಗುವುದಿಲ್ಲ. ಕೆಲವು ಮಾತಿಗೆ ನಗು, ಕೆಲವಕ್ಕೆ ಮೌನ, ಕೆಲವಕ್ಕೆ ನೇರ ಉತ್ತರ.

'ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?' ಎಂದು ಯಜಮಾನರು ಅಂದರೆ, 'ಯಾರಿಗೂ ಅಲ್ಲ ರೀ, ಅರವತ್ತಾದ ಮೇಲೆ ನಿಮ್ಮ ಕೈಲಿ ಎತ್ತಿಸಿಕೊಳ್ಳೋ ಹಾಗೆ ಆಗಬಾರದು ಅಂತ' ಎಂದುಬಿಡಿ. ಮಾರನೇ ದಿನ 'ನೀವೂ ಬನ್ನಿ' ಎಂದು ಒಮ್ಮೆ ಕರೆಯಿರಿ. ಬಂದರೆ ಒಳ್ಳೇದು. ಬರದಿದ್ದರೆ ಕಾಯುತ್ತಾ ನಿಲ್ಲಬೇಡಿ.

'ಹೊತ್ತಿಗೆ ಮುಂಚೆ ಎಲ್ಲಿಗೆ?' ಎನ್ನುವ ಅತ್ತೆಗೆ ಮೊದಲು ಧೈರ್ಯ ಬೇಕು. 'ಬೆಳಕು ಹರಿದ ಮೇಲೇ ಹೋಗ್ತೀನಿ ಅತ್ತೆ, ಪಕ್ಕದ ಮನೆಯವರೂ ಜೊತೆಗಿರ್ತಾರೆ, ಆರೂವರೆಗೆ ಬಂದು ನಿಮಗೆ ಕಾಫಿ ಕೊಡ್ತೀನಿ' ಎಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಉದ್ದದ ಸರ ಮನೆಯಲ್ಲೇ ಇರಲಿ.

'ಮಮ್ಮಿ, ಸೀರೆ ಮೇಲೆ ಸ್ಪೋರ್ಟ್ಸ್ ಶೂನಾ! ನನ್ನ ಫ್ರೆಂಡ್ಸ್ ನೋಡಿದ್ರೆ?' ಎಂದು ಮಗಳು ಮೂತಿ ತಿರುಗಿಸಿದರೆ ನಕ್ಕುಬಿಡಿ. ಚೂಡಿದಾರ್ ಅನುಕೂಲವೆನಿಸಿದರೆ ಅದನ್ನು ಹಾಕಿಕೊಳ್ಳಿ, ಮಗಳ ನಾಚಿಕೆಗೆ ಹೆದರಿ ಮಾತ್ರ ಬೇಡ. ಅವಳು ನಾಳೆ ತನ್ನ ಮೈಯನ್ನು ಹೇಗೆ ನೋಡಿಕೊಳ್ಳುತ್ತಾಳೆ ಎಂಬುದನ್ನು ಇವತ್ತು ನಿಮ್ಮನ್ನು ನೋಡಿಯೇ ಕಲಿಯುವುದು.

'ಇದೆಲ್ಲಾ ನಾಲ್ಕು ದಿನದ ಉತ್ಸಾಹ' ಎನ್ನುವವರಿಗೆ ಉತ್ತರವೇ ಬೇಡ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಗುರುತಿನ ಪಕ್ಕ ನಡೆದ ದಿನಕ್ಕೊಂದು ಟಿಕ್ ಹಾಕುತ್ತಾ ಬನ್ನಿ. ತಿಂಗಳಾಗುವಷ್ಟರಲ್ಲಿ ಗೋಡೆಯೇ ಉತ್ತರ ಹೇಳುತ್ತೆ. ಮಧ್ಯೆ ನಾಲ್ಕು ದಿನ ತಪ್ಪಿತಾ? ಹಬ್ಬ, ನೆಂಟರು, ಮುಟ್ಟಿನ ನೋವು, ಮಕ್ಕಳ ಪರೀಕ್ಷೆ, ತಪ್ಪೇ ತಪ್ಪುತ್ತೆ. ಐದನೇ ದಿನ ಮತ್ತೆ ಹೊರಡಿ.

ಇಷ್ಟಾದರೂ ಮಾತು ನಿಲ್ಲದಿದ್ದರೆ ಒಂದು ಉಪಾಯ. ಮೇಲೆ ಹೇಳಿದ ಗೃಹಿಣಿ ಮಾಡಿದ್ದು ಇದನ್ನೇ. ಶುಗರ್ ಗೊತ್ತಾದ ದಿನ ಡಾಕ್ಟರಿಗೆ ಹೇಳಿ, ಚೀಟಿಯಲ್ಲಿ ಮಾತ್ರೆಯ ಹೆಸರಿನ ಕೆಳಗೆ 'ನಡಿಗೆ, ದಿನಾ 30 ನಿಮಿಷ' ಎಂದು ಬರೆಸಿಕೊಂಡರು. ಮನೆಗೆ ಬಂದು ಫ್ರಿಜ್ ಮೇಲೆ ಅಂಟಿಸಿದರು. ತಮ್ಮ ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸದ ಅತ್ತೆ ಅದನ್ನು ಓದಿದರು. ಈಗ 'ಯಾಕೆ ಇವತ್ತು ಇನ್ನೂ ಹೋಗಿಲ್ಲ?' ಎಂದು ಕೇಳುವವರು ಅವರೇ. ಯಜಮಾನರು ಈಗಲೂ ತಮಾಷೆ ಮಾಡುತ್ತಾರಂತೆ. 'ಮಾಡ್ಕೊಳ್ಲಿ ಬಿಡಿ, ನಾನು ಬಾಗಿಲು ಹಾಕ್ಕೊಂಡು ಹೋದ್ಮೇಲೆ ಅದು ನನಗೆ ಕೇಳಿಸೋದೇ ಇಲ್ಲ' ಎಂದು ಆಕೆ ನಗುತ್ತಾರೆ. ಅರ್ಧ ಗಂಟೆ ನಡೆಯಲು ಒಬ್ಬ ಹೆಣ್ಣುಮಗಳಿಗೆ ಡಾಕ್ಟರ ಚೀಟಿ ಬೇಕಾಯಿತಲ್ಲ ಎಂಬ ಬೇಸರ ನನಗಿದೆ. ಆದರೆ ಕಾಯಿಲೆ ಬರುವ ಮುಂಚೆಯೇ ಆ ಚೀಟಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ತಟ್ಟೆಯ ಮೇಲಿನ ಮಾತು

ನಡಿಗೆಗಿಂತ ಹೆಚ್ಚು ಮಾತು ಕೇಳುವುದು ಊಟದ ವಿಷಯದಲ್ಲಿ. 'ಒಂದು ಹೋಳಿಗೆ ತಿಂದ್ರೆ ಏನೂ ಆಗಲ್ಲ', 'ನಾನು ಮಾಡಿದ್ದು ಅಂತ ಬೇಡ್ವಾ?' ಪ್ರೀತಿಯ ಒತ್ತಾಯಕ್ಕೆ ಪ್ರೀತಿಯಿಂದಲೇ ಅರ್ಧ ಹೋಳಿಗೆ ತಿನ್ನಿ, 'ಚೆನ್ನಾಗಿದೆ ಅತ್ತಿಗೆ' ಎಂದು ಎಲೆ ಮೇಲೆ ಕೈ ಅಡ್ಡ ಹಿಡಿಯಿರಿ. ಹಬ್ಬದ ದಿನದ ಹೋಳಿಗೆಗಿಂತ ದಿನನಿತ್ಯ 'ವೇಸ್ಟ್ ಆಗುತ್ತೆ' ಎಂದು ನಾವು ಮುಗಿಸುವ ಮಕ್ಕಳ ತಟ್ಟೆಯ ಉಪ್ಪಿಟ್ಟು, ಪಾತ್ರೆ ತಳದ ಚಿತ್ರಾನ್ನವೇ ಹೆಚ್ಚು ಅಪಾಯಕಾರಿ. ನಮ್ಮ ಹೊಟ್ಟೆ ಕಸದ ಬುಟ್ಟಿಯಲ್ಲ.

ಹಾಗೆಂದು ಉಪವಾಸ ಬೀಳಬೇಡಿ. ಮನೆಗೆಲ್ಲ ಬೇರೆ, ನಿಮಗೆ ಬೇರೆ ಅಡುಗೆ ಎಂಬ ಗೋಜೂ ಬೇಡ. ಸಾರು ಅದೇ ಇರಲಿ, ಅನ್ನ ಒಂದು ಸೌಟು ಕಡಿಮೆ ಮಾಡಿ, ಪಲ್ಯ ಒಂದು ಸೌಟು ಜಾಸ್ತಿ ಬಡಿಸಿಕೊಳ್ಳಿ. ಹೆಸರುಕಾಳು, ಹುರುಳಿಕಾಳಿನ ಉಸಲಿ, ಕೋಸಂಬರಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಇವು ದಿನಾ ಇರಲಿ. ಸ್ನಾಯುಗಳಿಗೆ ಪ್ರೋಟೀನ್ ಬೇಕೇ ಬೇಕು.

ಎರಡು ಹೆಜ್ಜೆ ಇಟ್ಟರೆ ಸುಸ್ತಾಗುವವರು 'ನನಗೆ ಆಗಲ್ಲಪ್ಪ' ಎಂದು ಕೈಬಿಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಅದೇ ಸಮೀಕ್ಷೆಯಲ್ಲಿ ನಗರದ ಹೆಂಗಸರಲ್ಲಿ ಮೂವರಲ್ಲಿ ಒಬ್ಬರ ತೂಕ ಹೆಚ್ಚಿತ್ತು. ದಪ್ಪಗಿದ್ದವರಿಗೆ ರಕ್ತ ಕಡಿಮೆ ಇರಲಾರದು ಎಂಬುದು ತಪ್ಪು ತಿಳಿವಳಿಕೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಡಾಕ್ಟರನ್ನು ಕೇಳಿ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ. ಊಟವಾದ ತಕ್ಷಣ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಸ್ವಲ್ಪ ಮುಂದೆ ಹಾಕಿ. ಅವು ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತವೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತೆ.

ಹೊರಗೆ ಹೋಗಲು ಆಗದಿದ್ದರೆ?

ಚಿಕ್ಕ ಮಗು, ಹಾಸಿಗೆ ಹಿಡಿದ ಮಾವ, ಎರಡು ದಿನಕ್ಕೊಮ್ಮೆ ಬರುವ ನೀರು, ಕೆಲವರಿಗೆ ಹೊಸ್ತಿಲು ದಾಟುವುದೇ ಕಷ್ಟ. ಅಂಥವರು ಮನೆಯಲ್ಲೇ ಶುರು ಮಾಡಿ. ಹಾಲು ಉಕ್ಕುವುದನ್ನು ಕಾಯುವಾಗ ಕಟ್ಟೆ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆಗೆ ಕೈಕೊಟ್ಟು ಮುಂದೆ ಬಾಗಿ ಹಿಂದೆ ಬನ್ನಿ, ಹತ್ತು ಸಲ. ಒಂದು ಲೀಟರ್ ನೀರಿನ ಬಾಟಲಿ ಒಂದು ಕೇಜಿ ತೂಗುತ್ತೆ. ಎರಡು ಕೈಗೆ ಎರಡು ಬಾಟಲಿ ಹಿಡಿದು ಎತ್ತಿಳಿಸಿದರೆ ಅದೇ ನಿಮ್ಮ ಜಿಮ್. ಟಿವಿ ಧಾರಾವಾಹಿ ನೋಡುವಾಗ ಜಾಹೀರಾತು ಬಂದಷ್ಟು ಹೊತ್ತು ನಿಂತಲ್ಲೇ ಹೆಜ್ಜೆ ಹಾಕಿ. ಗೊತ್ತಿರುವವರು ಸೂರ್ಯ ನಮಸ್ಕಾರ ಮಾಡಿ. ಹತ್ತು ಹತ್ತು ನಿಮಿಷ ಮೂರು ಸಲ ಮಾಡಿದರೂ ಅರ್ಧ ಗಂಟೆಯೇ.

ಬಿಪಿ, ಹೃದಯದ ತೊಂದರೆ, ಮಂಡಿನೋವು ಇರುವವರು, ಬಸುರಿಯರು, ಇತ್ತೀಚೆಗೆ ಹೆರಿಗೆ ಅಥವಾ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ನಡೆಯುವಾಗ ಎದೆ ಹಿಡಿದಂತಾದರೆ, ದವಡೆ, ತೋಳಿಗೆ ನೋವು ಹರಿದರೆ, ವಿಪರೀತ ಬೆವರಿದರೆ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸುಮ್ಮನಾಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಮಾತು ಮಿತಿ ಮೀರಿದರೆ

ತಮಾಷೆ ಬೇರೆ, ಹೀಯಾಳಿಕೆ ಬೇರೆ. ದಿನಾ ಮೈಯ ಬಗ್ಗೆ ಅವಮಾನ ಮಾಡುವುದು, ನೆಂಟರ ಮುಂದೆ ಹಂಗಿಸುವುದು, ಊಟ ಎಣಿಸುವುದು, ಹೊರಗೆ ಕಾಲಿಟ್ಟರೆ ಹುಷಾರ್ ಎಂದು ಬೆದರಿಸುವುದು ತಮಾಷೆಯಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಾತಿನ ಹಿಂಸೆ, ಮಾನಸಿಕ ಹಿಂಸೆಯನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಇದೇ ಆದರೆ ಕ್ಯಾಲೆಂಡರು, ಚೀಟಿಯ ಉಪಾಯಗಳು ಸಾಲುವುದಿಲ್ಲ. ನಂಬಿಕಸ್ಥರೊಬ್ಬರಿಗೆ ಹೇಳಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಮನೆಯವರಿಗೊಂದು ಮಾತು

ಈ ಪುಟ ಮನೆಯ ಗಂಡಸರ ಕೈಗೂ ಸಿಕ್ಕೇ ಸಿಗುತ್ತೆ. ಹಾಗಾಗಿ ಅವರಿಗೂ ಒಂದು ಮಾತು. ಚಂಡೀಗಢದ ಮಾನ್ ಕೌರ್ ಹೆಸರು ಕೇಳಿರಬಹುದು. ಅವರು ಓಟ ಶುರು ಮಾಡಿದ್ದು 93ನೇ ವಯಸ್ಸಿನಲ್ಲಿ. 2017ರಲ್ಲಿ ಆಕ್ಲೆಂಡಿನ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಡಿ ಚಿನ್ನ ಗೆದ್ದಾಗ ಅವರಿಗೆ 101. ಅವರನ್ನು ಟ್ರ್ಯಾಕಿಗೆ ಕರೆದೊಯ್ದಿದ್ದು ಸ್ವಂತ ಮಗ. ತಾನೂ ಮುದುಕನಾಗಿದ್ದ ಆ ಮಗ 'ಈ ವಯಸ್ಸಲ್ಲಿ ಯಾಕಮ್ಮಾ?' ಎಂದಿದ್ದರೆ ಆ ಕಥೆ ಅಲ್ಲೇ ಮುಗಿಯುತ್ತಿತ್ತು.

ನಿಮ್ಮ ಮನೆಯಾಕೆ ಪದಕ ಗೆಲ್ಲಬೇಕಾಗಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಹೊರಗೆ ಹೋಗಿ ಬರಬೇಕು, ಅಷ್ಟೇ. ಅಷ್ಟು ಹೊತ್ತು ಕುಕ್ಕರಿನ ಸೀಟಿ ಎಣಿಸಿ ಒಲೆ ಆರಿಸಲು, ಮಗುವಿನ ಯೂನಿಫಾರಂ ಹುಡುಕಿ ಕೊಡಲು ನಿಮಗೆ ಬರುವುದಿಲ್ಲವೇ? ಹೊಗಳಿಕೆ ಬೇಡ, ಹೊರಡುವಾಗ ಕೊಂಕು ಮಾತೊಂದು ಬೇಡ.

ಗೃಹಿಣಿಯರೇ, ಅವರು ಬದಲಾಗಲಿ ಎಂದು ಕಾಯುತ್ತಾ ಕೂರಬೇಡಿ. ಮಾತು ನಾಳೆಯೂ ಬರುತ್ತೆ. ಬಂದಾಗ ತಲೆ ಬಗ್ಗಿಸಿ, ಲೇಸನ್ನು ಇನ್ನೊಂದು ಗಂಟು ಬಿಗಿಯಾಗಿ ಕಟ್ಟಿ, 'ಬಂದೆ ಇರಿ, ಅರ್ಧ ಗಂಟೆ' ಎಂದು ಹೇಳಿ ಹೊರಟುಬಿಡಿ. ನಾಳೆ ಬೆಳಿಗ್ಗೆ ಹೊರಡ್ತೀರಲ್ಲ?